ಆ ಪಟ್ಟಿ ಬಿಚ್ಚಿಬಿಡು, ಪುಟ್ಟಿ

ಯಲಹಂಕ, ಬೆಂಗಳೂರು



ನೀನು ಕಟ್ಟುತ್ತಿರುವ ವಿಮಾನದ ಫೋಟೊಗಳು ಬಂದವು. ನಿನ್ನ ಅತ್ತೆ ಒಂದೊಂದನ್ನೂ ಟ್ಯಾಬಿನಲ್ಲಿ ಹಿಗ್ಗಿಸಿ ತೋರಿಸಿದಳು. ರೆಕ್ಕೆಯ ರಿವೆಟ್ ಸಾಲಿನಲ್ಲಿ ಒಂದೂ ಸೊಟ್ಟ ಕಾಣಲಿಲ್ಲ. ಫೈರ್‌ವಾಲಿನ ಮೇಲಿನ ವೈರಿಂಗ್ ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಆದರೆ ಎಂಜಿನ್ನಿನ ಅಡಿಯಿಂದ ತೆಗೆದ ಫೋಟೊದಲ್ಲಿ ನಾಲ್ಕೂ ಎಕ್ಸಾಸ್ಟ್ ಪೈಪುಗಳಿಗೆ ಬೆಳ್ಳಗಿನ ಫೈಬರ್‌ಗ್ಲಾಸ್ ಪಟ್ಟಿ ಸುತ್ತಿ, ಮೇಲೆ ಸ್ಟೀಲ್ ಕ್ಲಿಪ್ಪು ಬಿಗಿದಿದ್ದೀಯಲ್ಲ, ಅದನ್ನು ಬಿಚ್ಚಿಬಿಡು. ಪತ್ರ ಓದಿ ಮುಗಿಸಿದ ಮೇಲಲ್ಲ, ಈಗಲೇ ಗ್ಯಾರೇಜಿಗೆ ಹೋಗಿ ಬಿಚ್ಚಿ ಬಾ. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀನು "ಆಯ್ತು ಮಾಮ" ಅಂದು ಮಾತು ಮುಗಿಸಿಬಿಡುತ್ತೀಯ, ಯಾಕೆ ಅಂತ ಕೇಳುವುದಿಲ್ಲ. ಈ ವಿಷಯದಲ್ಲಿ ಯಾಕೆ ಅನ್ನುವುದೇ ಮುಖ್ಯ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ನಿವೃತ್ತನಿಗೆ ಬೇರೆ ಕೆಲಸವೂ ಇಲ್ಲ.

ಪಟ್ಟಿ ಸುತ್ತುವುದು ಬೈಕಿನವರಿಂದ, ರೇಸ್ ಕಾರಿನವರಿಂದ ಬಂದ ಅಭ್ಯಾಸ. ಅವರ ಲೆಕ್ಕ ಸರಳ: ಪೈಪಿನ ಬಿಸಿ ಹೊರಗೆ ಬರದಂತೆ ತಡೆದರೆ ಅಕ್ಕಪಕ್ಕದ ಸಾಮಾನು ತಂಪಾಗಿರುತ್ತದೆ. ಆ ಮಾತು ಸುಳ್ಳಲ್ಲ. ಎಂಜಿನ್ ಮುಚ್ಚುವ ಕೌಲಿಂಗ್ ಒಳಗಿನ ಉಷ್ಣತೆ ನಿಜವಾಗಿಯೂ ಇಳಿಯುತ್ತದೆ. ಆದರೆ ತಡೆದ ಬಿಸಿ ಎಲ್ಲಿಗೆ ಹೋಯಿತು? ಪೈಪಿನ ಲೋಹದಲ್ಲೇ ಕೂತಿತು. ಬರಿ ಪೈಪಿನ ಒಳಗೆ ಬೆಂಕಿಯಂಥ ಅನಿಲ ಹರಿಯುತ್ತಿದ್ದರೂ ಹೊರಮೈ ಗಾಳಿಗೆ, ಸುತ್ತಲಿನ ತಣ್ಣನೆಯ ಗೋಡೆಗಳಿಗೆ ಬಿಸಿ ಬಿಟ್ಟುಕೊಡುತ್ತ ಇರುತ್ತದೆ. ಹಾಗಾಗಿ ಲೋಹ ಅನಿಲಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಅದು ಉಳಿಯುವುದೇ ಆ ವ್ಯತ್ಯಾಸದಿಂದ. ಪಟ್ಟಿ ಸುತ್ತಿದ ಮೇಲೆ ವ್ಯತ್ಯಾಸ ಕರಗುತ್ತ ಹೋಗಿ ಲೋಹವೂ ಅನಿಲದ ಬಿಸಿಗೆ ಹತ್ತಿರವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಮೈ ಪದರ ಪದರವಾಗಿ ಸುಟ್ಟು ಉದುರಲು ಶುರುವಾಗುತ್ತದೆ, ತೆಳ್ಳಗಿನ ಪೈಪು ಇನ್ನೂ ತೆಳ್ಳಗಾಗುತ್ತದೆ. ರೇಸ್ ಕಾರಿನವನು ನಾಲ್ಕು ರೇಸ್ ಆದ ಮೇಲೆ ಪೈಪು ಬಿಸಾಕಿ ಹೊಸದು ಹಾಕುತ್ತಾನೆ. ಪೈಪು ಸೀಳಿದರೆ ಅವನಿಗೆ ಬರುವುದು ಸದ್ದು ಮಾತ್ರ, ಪಕ್ಕಕ್ಕೆ ನಿಲ್ಲಿಸಿ ಇಳಿಯುತ್ತಾನೆ. ನಿನಗೆ ಪಕ್ಕ ಅನ್ನುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಪಟ್ಟಿಯ ಕೆಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಎಣ್ಣೆಯ ತೊಟ್ಟು, ಎಂಜಿನ್ ತೊಳೆದ ನೀರು, ನಿಮ್ಮ ಒರೆಗಾನ್ ಚಳಿಗಾಲದ ತೇವ, ಎಲ್ಲವನ್ನೂ ಆ ಪಟ್ಟಿ ಹೀರಿಕೊಂಡು ಕೂರುತ್ತದೆ. ಒಳಗೆ ಬಿರುಕು ಬಿಟ್ಟರೆ ಬಿರುಕಿನ ಗುರುತೂ ಆಚೆಗೆ ಬರುವುದಿಲ್ಲ. ಇಷ್ಟು ವರ್ಷ ಹ್ಯಾಂಗರಿನಲ್ಲಿ ನಾನು ಎಕ್ಸಾಸ್ಟ್ ನೋಡಿದ್ದು ಟಾರ್ಚು ಮತ್ತು ಕೈಗನ್ನಡಿ ಹಿಡಿದೇ. ನೋಡಲಾಗದ ಪೈಪನ್ನು ಸರಿಯಿದೆ ಅಂತ ಸಹಿ ಹಾಕುವುದು ಹೇಗೆ?

ಈಗ ಲೆಕ್ಕಕ್ಕೆ ಬಾ. ನಿನ್ನ ಆರ್‌ವಿ-7ಕ್ಕೆ ಕೂರಿಸಿರುವ 180 ಕುದುರೆಶಕ್ತಿಯ ಲೈಕಮಿಂಗ್ ಒ-360, ಶೇಕಡ 65ರ ಶಕ್ತಿಯಲ್ಲಿ ಹದವಾಗಿ ಓಡುವಾಗ ಗಂಟೆಗೆ ಹೆಚ್ಚುಕಡಿಮೆ 33 ಲೀಟರ್ ಪೆಟ್ರೋಲು ಕುಡಿಯುತ್ತದೆ. ಅಷ್ಟು ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 290 ಕಿಲೋವ್ಯಾಟ್. ಪ್ರೊಪೆಲ್ಲರಿಗೆ ಸಿಗುವುದು 87. ಉಳಿದದ್ದರಲ್ಲಿ ಒಂದು ಪಾಲು ಸಿಲಿಂಡರಿನ ರೆಕ್ಕೆಗಳ ಮೂಲಕ, ಆಯಿಲ್ ಕೂಲರಿನ ಮೂಲಕ ಗಾಳಿಗೆ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಪಾಲು, ಸರಿಸುಮಾರು 120 ಕಿಲೋವ್ಯಾಟ್, ಎಕ್ಸಾಸ್ಟ್ ಪೈಪಿನಲ್ಲಿ ಹೋಗುತ್ತದೆ. ಅಂದರೆ ವಿಮಾನವನ್ನು ಎಳೆಯುವುದಕ್ಕಿಂತ ಹೆಚ್ಚು ಶಕ್ತಿ ಆ ಪೈಪಿನಲ್ಲಿ ಓಡುತ್ತಿದೆ. ನಮ್ಮ ಬಚ್ಚಲಿನ ಗೀಸರು 2 ಕಿಲೋವ್ಯಾಟಿನದು. ಅಂಥ 60 ಗೀಸರುಗಳನ್ನು ಒಟ್ಟಿಗೆ ಹಚ್ಚಿ ನಿನ್ನ ಕಾಲಿನ ಮುಂದೆ ಇಟ್ಟ ಹಾಗೆ. ಇದರಲ್ಲಿ ಬಹುಪಾಲು ಅನಿಲದ ಜೊತೆಯಲ್ಲೇ ಟೇಲ್‌ಪೈಪಿನಿಂದ ಆಚೆ ಹೋಗುತ್ತದೆ ಅನ್ನುವುದೇ ನಮ್ಮ ಪುಣ್ಯ. ದಾರಿಯಲ್ಲಿ ಪೈಪಿನ ಗೋಡೆಯಿಂದ ಸೋರುವ ಅಷ್ಟಿಷ್ಟಕ್ಕೇ ಇಷ್ಟೆಲ್ಲ ಒದ್ದಾಟ. ಆದ್ದರಿಂದ ನನ್ನ ವಾದ ಇಷ್ಟೆ: ಈ ಬಿಸಿಯನ್ನು ಕಟ್ಟಿಹಾಕಲು ಹೋಗಬೇಡ. ಹೋಗಲು ದಾರಿ ಮಾಡಿಕೊಡು, ಹೋಗುವ ದಾರಿಯಲ್ಲಿ ಸುಡಬಾರದ್ದನ್ನು ಅಡ್ಡ ಇಡಬೇಡ, ಪೈಪನ್ನು ಯಾವಾಗಲೂ ಕಣ್ಣಿಗೆ ಬೀಳುವಂತೆ ಬಿಡು.

ದಾರಿಯ ವಿಷಯದಲ್ಲಿ ನಿನ್ನ ವಿಮಾನ ಅದೃಷ್ಟವಂತ. ಮೂಗಿನ ಎರಡು ಕಿಂಡಿಗಳಿಂದ ಒಳಗೆ ಬಂದ ಗಾಳಿ ಎಂಜಿನ್ನಿನ ಮೇಲ್ಗಡೆ ಒತ್ತಡ ಕಟ್ಟಿಕೊಂಡು, ಸಿಲಿಂಡರ್ ರೆಕ್ಕೆಗಳ ಸಂದಿಯಿಂದ ಕೆಳಕ್ಕೆ ನುಗ್ಗಿ, ಹೊಟ್ಟೆಯ ಹತ್ತಿರದ ಬಾಯಿಂದ ಆಚೆ ಹೋಗುತ್ತದೆ. ಎಕ್ಸಾಸ್ಟ್ ಪೈಪು ಇರುವುದು ಕೆಳಗೆ. ಅಂದರೆ ಗಾಳಿ ಮೊದಲು ಸಿಲಿಂಡರನ್ನು ತಣಿಸಿ, ಆಮೇಲೆ ಪೈಪಿನ ಬಿಸಿಯನ್ನು ಹೊತ್ತುಕೊಂಡು ಹೊರಟುಹೋಗುತ್ತದೆ. ಸಿಲಿಂಡರ್ ಹೆಡ್ ಬಿಸಿಯಾಗುತ್ತದೆ ಅನ್ನುವ ಹೆದರಿಕೆಯಿಂದ ಪೈಪಿಗೆ ಪಟ್ಟಿ ಸುತ್ತಿದ್ದೆ ಅಂತ ಬರೆದಿದ್ದೀಯಲ್ಲ, ನಿನ್ನ ಎಂಜಿನ್ನಿನಲ್ಲಿ ಆ ಎರಡಕ್ಕೂ ಹೆಚ್ಚು ಸಂಬಂಧವಿಲ್ಲ. ಹೆಡ್ ಬಿಸಿಯಾದರೆ ಗಾಳಿಗೆ ಅಡ್ಡ ನಿಲ್ಲುವ ಬ್ಯಾಫಲ್ ತಗಡುಗಳ ಮೇಲಿನ ರಬ್ಬರು ಕೌಲಿಂಗಿಗೆ ಸರಿಯಾಗಿ ಒತ್ತಿ ಕೂತಿದೆಯಾ, ಸಂದಿ ಎಲ್ಲಿದೆ ಅಂತ ಹುಡುಕಬೇಕು. ಗಾಳಿ ಸೋಮಾರಿ. ರೆಕ್ಕೆಗಳ ನಡುವೆ ನುಸುಳುವ ಕಷ್ಟದ ಬದಲು ಬೆರಳು ತೂರುವಷ್ಟು ಸಂದಿ ಸಿಕ್ಕರೆ ಅಲ್ಲೇ ಇಳಿದುಹೋಗುತ್ತದೆ.

ಬರ್ಟ್ ರೂಟಾನ್ ವಿನ್ಯಾಸ ಮಾಡಿದ, ಮನೆಯಲ್ಲೇ ಕಟ್ಟುವ ಲಾಂಗ್-ಈಝಿಯಲ್ಲಿ ಈ ಗಾಳಿಯ ದಾರಿ ತಲೆಕೆಳಗು. 1979ರಲ್ಲಿ ಹಾರಿದ ಆ ವಿಮಾನದ ಎಂಜಿನ್ನು ಹಿಂಭಾಗದಲ್ಲಿದೆ, ಪ್ರೊಪೆಲ್ಲರು ಹಿಂದಿನಿಂದ ತಳ್ಳುತ್ತದೆ. ಮೂಲ ವಿನ್ಯಾಸದಲ್ಲಿ ತಣಿಸುವ ಗಾಳಿ ಹೊಟ್ಟೆಯಡಿಯ ಕಿಂಡಿಯಿಂದ ಬಂದು ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಅಂದರೆ ಸಿಲಿಂಡರು ಮುಟ್ಟುವ ಮೊದಲೇ ಅದು ಎಕ್ಸಾಸ್ಟ್ ಪೈಪನ್ನು ಸವರಿಕೊಂಡು ಬಿಸಿಯಾಗಿರುತ್ತದೆ. ಕಟ್ಟಿದವರಲ್ಲಿ ಎಷ್ಟೋ ಜನ ಆಮೇಲೆ ರೆಕ್ಕೆಯ ಬುಡದಲ್ಲಿ ಗಾಳಿಬಾಯಿ ಮಾಡಿ ಹರಿವನ್ನು ಮೇಲಿನಿಂದ ಕೆಳಕ್ಕೆ ತಿರುಗಿಸಿಕೊಂಡರು. ಅಂಥ ವಿಮಾನದಲ್ಲಿ ಪೈಪಿಗೆ ಏನಾದರೂ ಹೊದಿಸಬೇಕು ಅನ್ನುವ ಆಸೆ ಅರ್ಥವಾಗುತ್ತದೆ. ಅಲ್ಲಿ ಇನ್ನೂ ಒಂದು ತಲೆನೋವು: ಪೈಪು ಹೊರಬರುವ ಕಡೆಯೇ ಪ್ರೊಪೆಲ್ಲರು. ಬಿಸಿ ಅನಿಲ ನೇರ ಅದರ ಮೈಮೇಲೆ. ಈ ಕಾಳಜಿಗಳೆಲ್ಲ ನಮ್ಮೂರಿಗೂ ಬಂದಿದ್ದವು. ನಮ್ಮ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1980ರ ದಶಕದಲ್ಲಿ ಇಲ್ಲೇ ಬೆಂಗಳೂರಿನಲ್ಲಿ ಕಟ್ಟಿದ ಎಲ್‌ಸಿಆರ್‌ಎ ಅನ್ನುವ ಪುಟ್ಟ ವಿಮಾನ ಲಾಂಗ್-ಈಝಿ ವಂಶದ್ದೇ. ತನ್ನ ಹಂಸ ವಿಮಾನ ಹಾರುವ ಮೊದಲು ಆ ಸಂಸ್ಥೆ ಹಗುರ ವಿಮಾನದ ಅಕ್ಷರಾಭ್ಯಾಸ ಮಾಡಿದ್ದು ಅದರ ಮೇಲೆ.

ಪೈಪಿನ ಬಿಸಿ ಅಕ್ಕಪಕ್ಕದ ಸಾಮಾನಿಗೆ ತಲುಪುವುದು ಬರಿ ಗಾಳಿಯಿಂದ ಅಂದುಕೊಳ್ಳಬೇಡ. ಬಹುಪಾಲು ತಲುಪುವುದು ಕಿರಣವಾಗಿ, ನಡುವೆ ತಣ್ಣನೆಯ ಗಾಳಿ ಬೀಸುತ್ತಿದ್ದರೂ. ಈ ಕಿರಣ ಉಷ್ಣತೆಯ ನಾಲ್ಕನೇ ಘಾತದಷ್ಟು ಏರುತ್ತದೆ ಅಂತ ನೀನು ಕಾಲೇಜಿನಲ್ಲಿ ಬರೆದು ಮಾರ್ಕ್ಸು ತೆಗೆದುಕೊಂಡಿದ್ದೀಯ. ಅದನ್ನೇ ಈಗ ಗ್ಯಾರೇಜಿಗೆ ತಾ. ಕಪ್ಪು ಮೈ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಚದರ ಮೀಟರಿನಿಂದ 50 ಕಿಲೋವ್ಯಾಟ್ ಸೂಸುತ್ತದೆ. ಸುಟ್ಟು ಕಂದಾದ ಸ್ಟೇನ್‌ಲೆಸ್ ಸ್ಟೀಲು ಅದರ ಮುಕ್ಕಾಲು ಪಾಲಿನ ಆಸುಪಾಸು. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ 1 ಕಿಲೋವ್ಯಾಟ್ ಮಾತ್ರ. ಪೈಪಿನಿಂದ ಎರಡು ಬೆರಳಿನಷ್ಟು ದೂರದಲ್ಲಿ ಹಾದುಹೋಗಿರುವ ನಿನ್ನ ಪೆಟ್ರೋಲ್ ಹೋಸಿಗೆ ಎಂಥ ಬಿಸಿಲು ಬೀಳುತ್ತದೆ ಅಂತ ನೀನೇ ಯೋಚಿಸು. ಪೆಟ್ರೋಲು ಹೋಸಿನಲ್ಲೇ ಕುದಿದು ಆವಿಯಾದರೆ ಪಂಪಿಗೆ ಎಳೆಯಲು ಸಿಗುವುದು ಗುಳ್ಳೆ.

ಇದಕ್ಕೆ ಔಷಧ ಸುಲಭ. ತೆಳು ಸ್ಟೇನ್‌ಲೆಸ್ ತಗಡನ್ನು ಅಂಗೈಯಗಲ ಬಾಗಿಸಿ, ಪೈಪಿನ ಮೇಲೆ ಅರ್ಧ ಇಂಚು ಸಂದಿ ಬಿಟ್ಟು ಕ್ಲ್ಯಾಂಪ್ ಹಾಕು. ಪೈಪಿನ ಸುತ್ತ ಅಲ್ಲ, ಹೋಸಿಗೆ ಎದುರಾದ ಕಡೆ ಮಾತ್ರ. ಸಂದಿಯಲ್ಲಿ ಗಾಳಿ ಆಡಬೇಕು. ತಗಡು ಪೈಪಿಗೆ ಅಂಟಿದ್ದರೆ ಅದೂ ಪೈಪೇ ಆಗುತ್ತದೆ. ಒಂದೇ ತಗಡು ಕಿರಣವನ್ನು ಅರ್ಧದಷ್ಟು ತಗ್ಗಿಸುತ್ತದೆ, ಗಾಳಿಯ ಸಹಾಯ ಇದ್ದರೆ ಇನ್ನೂ ಹೆಚ್ಚು. ಹೊಳೆಯುವ ಅಲ್ಯೂಮಿನಿಯಂ ಹಾಳೆ ಎದುರುಗಡೆ, ಅಂದರೆ ಕೌಲಿಂಗಿನ ಒಳಮೈಗೆ ಅಂಟಿಸಲು ಒಳ್ಳೆಯದು. ಕೌಲಿಂಗ್ ಮಾಡಿರುವ ಎಪಾಕ್ಸಿ ಬಿಸಿಗೆ ಮೆತ್ತಗಾಗುವ ಸ್ವಭಾವದ್ದು, ಪೈಪು ಹತ್ತಿರ ಬರುವ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದಿರುವುದನ್ನು ನೀನು ಬೇರೆಯವರ ವಿಮಾನಗಳಲ್ಲಿ ನೋಡಿರುತ್ತೀಯ. ಆದರೆ ಅಲ್ಯೂಮಿನಿಯಂ ಪೈಪಿನ ಮೇಲೆ ಬೇಡ, ಅದು 660 ಡಿಗ್ರಿಗೆ ಕರಗುತ್ತದೆ. ಹಾಳೆ ಅಂಟಿಸುವ ಮೊದಲು ಕೌಲಿಂಗಿನ ಒಳಮೈಗೆ ಒಂದು ಕೈ ರೆಸಿನ್ ಬಳಿದು ಮುಚ್ಚು. ಇಲ್ಲದಿದ್ದರೆ ಎಣ್ಣೆ ಒಳಗಿಳಿದು ವರ್ಷದಲ್ಲಿ ಹಾಳೆಯೂ ಬಿಡುತ್ತದೆ, ಕೌಲಿಂಗೂ ಕೆಡುತ್ತದೆ. ಪೆಟ್ರೋಲ್ ಪಂಪಿಗೆ ಒಂದು ಪುಟ್ಟ ತಗಡಿನ ಕವಚ ಮಾಡಿ, ಬ್ಯಾಫಲಿನಿಂದ ಒಂದು ಸಣ್ಣ ಕೊಳವೆಯಲ್ಲಿ ತಣ್ಣನೆ ಗಾಳಿ ಅದರ ಮೇಲೆ ಊದಿಸು. ಹೋಸಿಗೆ ಬೆಂಕಿ ತಡೆಯುವ ತೋಳು ಹಾಕಿದ್ದೀಯ, ಅದನ್ನು ನೋಡಿದೆ, ಸಂತೋಷ.

ಒಂದು ವಿಚಿತ್ರ ಗೊತ್ತಿರಲಿ. ಹೋಸು, ವೈರು, ಮ್ಯಾಗ್ನೆಟೊ ಇವುಗಳಿಗೆ ಎಲ್ಲಕ್ಕಿಂತ ಕೆಟ್ಟ ಗಳಿಗೆ ಎಂಜಿನ್ ನಿಲ್ಲಿಸಿದ ಮೇಲೆ ಬರುತ್ತದೆ. ಹಾರುವಾಗ ಗಾಳಿ ಇದೆ. ನಿಲ್ಲಿಸಿದ ಮೇಲೆ ಗಾಳಿ ನಿಂತುಹೋಯಿತು, ಬಿಸಿ ಲೋಹ ಅಲ್ಲೇ ಇದೆ. ಕೆಳಗಿದ್ದ ಬಿಸಿಯೆಲ್ಲ ಏರಿ ಕೌಲಿಂಗಿನ ತಲೆಯಲ್ಲಿ ಸೇರುತ್ತದೆ. ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಎಂಜಿನ್ನು ಕೆಮ್ಮುವುದು ಇದಕ್ಕೇ. ಇಳಿದ ಕೂಡಲೇ ಆಯಿಲ್ ನೋಡುವ ಬಾಗಿಲು ತೆರೆದಿಡು, ಮೂಗನ್ನು ಗಾಳಿ ಬರುವ ದಿಕ್ಕಿಗೆ ನಿಲ್ಲಿಸು. ಕಾಸು ಖರ್ಚಿಲ್ಲ.

ಬಿರುಕಿನ ಕಥೆಗೆ ಬರುತ್ತೇನೆ. ನನ್ನ ಅರ್ಧ ಆಯುಸ್ಸು ಹೋಗಿದ್ದು ಅದರಲ್ಲೇ. ಸ್ಟೇನ್‌ಲೆಸ್ ಸ್ಟೀಲು ಬಿಸಿಗೆ ಹಿಗ್ಗುವುದು ಸಾಮಾನ್ಯ ಉಕ್ಕಿಗಿಂತ ಜಾಸ್ತಿ. ಒಂದು ಮೀಟರ್ ಉದ್ದದ ಪೈಪು 650 ಡಿಗ್ರಿ ಏರಿದರೆ 11 ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಪ್ರತಿ ಹಾರಾಟಕ್ಕೂ ಒಮ್ಮೆ ಬೆಳೆದು, ಒಮ್ಮೆ ಕುಗ್ಗುತ್ತದೆ. ಅದರ ಮೇಲೆ ನಡುಕ: ನಾಲ್ಕು ಸಿಲಿಂಡರಿನ ಎಂಜಿನ್ನು 2400 ಸುತ್ತಿನಲ್ಲಿ ಸೆಕೆಂಡಿಗೆ 80 ಸಲ ಸಿಡಿಯುತ್ತದೆ. ಬೆಳೆಯಲು ಜಾಗ ಕೊಡದೆ ಎರಡೂ ತುದಿ ಬಿಗಿಹಿಡಿದ ಪೈಪು ಸೀಳಲೇಬೇಕು. ಸೀಳುವುದು ಹೆಚ್ಚಾಗಿ ಫ್ಲ್ಯಾಂಜಿನ ಪಕ್ಕದ ಬೆಸುಗೆಯಲ್ಲಿ. ಅದಕ್ಕೇ ಒಂದರೊಳಗೊಂದು ಜಾರುವ ಕೀಲು, ಗೋಳದ ಕೀಲು ಅಂತ ಮಾಡಿರುವುದು. ಅವು ತಣ್ಣಗಿದ್ದಾಗ ಕೈಯಲ್ಲಿ ಅಲ್ಲಾಡಿಸಿದರೆ ಸಡಿಲ ಅನ್ನಿಸುತ್ತವೆ. ಹಾಗೇ ಇರಬೇಕು. ಹೊಸಬರು ಅದನ್ನು ನೋಡಿ ಹೆದರಿ ಬಿಗಿದುಬಿಡುತ್ತಾರೆ, ಕೆಲವರು ಚುಕ್ಕಿ ವೆಲ್ಡಿಂಗೇ ಹೊಡೆದುಬಿಡುತ್ತಾರೆ!

ನಿನ್ನ ಮೂರನೇ ಫೋಟೊದಲ್ಲಿ ಟೇಲ್‌ಪೈಪಿನ ಆಸರೆ ಕಡ್ಡಿ ಫೈರ್‌ವಾಲಿನ ಕಡೆಗೆ ಹೋದ ಹಾಗೆ ಕಂಡಿತು. ಹಾಗಿದ್ದರೆ ಬದಲಾಯಿಸು. ಎಂಜಿನ್ನು ರಬ್ಬರಿನ ಮೇಲೆ ಕೂತು ತನ್ನ ಪಾಡಿಗೆ ಕುಣಿಯುತ್ತದೆ, ಸ್ಟಾರ್ಟ್ ಆಗುವಾಗಲೂ ನಿಲ್ಲುವಾಗಲೂ ಒಂದು ಸಲ ಜೋರಾಗಿ ಒದರುತ್ತದೆ. ಫೈರ್‌ವಾಲು ಕುಣಿಯುವುದಿಲ್ಲ. ಪೈಪನ್ನು ಎರಡಕ್ಕೂ ಕಟ್ಟಿದರೆ ಜಗಳದಲ್ಲಿ ಸೋಲುವುದು ಪೈಪು. ಎಂಜಿನ್ನಿಗೇ ನೇತುಹಾಕು, ಕಡ್ಡಿಯ ನಡುವೆ ಒಂದು ತುಂಡು ರಬ್ಬರ್ ಹೋಸು ಸೇರಿಸು. ಕೌಲಿಂಗಿನ ಬಾಯಲ್ಲಿ ಪೈಪಿನ ಸುತ್ತ ಧಾರಾಳವಾಗಿ ಜಾಗ ಬಿಡು, ಆ ಕುಣಿತಕ್ಕೆ.

ರೋಟ್ಯಾಕ್ಸ್ ಎಂಜಿನ್ ಮಾಡುವವರು ಇದನ್ನು ಬೇರೆ ರೀತಿ ಬಗೆಹರಿಸಿದ್ದಾರೆ, ನನಗೆ ಅದು ಇಷ್ಟ. ಸೈಲೆನ್ಸರನ್ನು ಬೋಲ್ಟಿನಲ್ಲಿ ಬಿಗಿಯುವುದೇ ಇಲ್ಲ. ಗೋಳದ ಕೀಲಿಗೆ ಒತ್ತಿ ಸ್ಪ್ರಿಂಗು ಹಾಕಿ ಹಿಡಿಸುತ್ತಾರೆ. ಸ್ಪ್ರಿಂಗು ನಡುಗಿ ಮುರಿಯದಂತೆ ಅದರ ಮೈಗೆ ಬಿಸಿ ತಡೆಯುವ ಸಿಲಿಕೋನ್ ಬಳಿದು, ಮುರಿದರೂ ತುಂಡು ಹಾರಿ ಪ್ರೊಪೆಲ್ಲರಿಗೆ ಸಿಗದಂತೆ ಒಳಗೆ ಲಾಕಿಂಗ್ ತಂತಿ ಪೋಣಿಸುತ್ತಾರೆ. ಬೆಂಗಳೂರಿನ ರಾಜ್ ಹಂಸದವರ ಎಕ್ಸ್-ಏರ್ ನೆನಪಿದೆಯಾ, ನೀನು ಚಿಕ್ಕವಳಿದ್ದಾಗ ತೋರಿಸಿದ್ದೆನಲ್ಲ, ಬಟ್ಟೆ ಹೊದಿಸಿದ ರೆಕ್ಕೆಯದ್ದು? ಅದರಲ್ಲಿ ಕೂರಿಸುತ್ತಿದ್ದ ಟೂ-ಸ್ಟ್ರೋಕ್ ರೋಟ್ಯಾಕ್ಸಿನಲ್ಲೂ ಸ್ಪ್ರಿಂಗಿನದ್ದೇ ಏರ್ಪಾಡು. ಇಲ್ಲಿಂದ ಕಿಟ್ಟಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನವರು ನಿನ್ನ ಹಾಗೇ ಮನೆಯ ಗ್ಯಾರೇಜಿನಲ್ಲಿ ಜೋಡಿಸಿ ಹಾರಿಸಿದ ವಿಮಾನ ಅದು. ಮನೆಯಲ್ಲಿ ಕಟ್ಟುವ ವಿಮಾನ ಅಂದರೆ ಅಮೆರಿಕದಿಂದಲೇ ಬರಬೇಕು ಅಂತೇನಿಲ್ಲ ಅನ್ನುವುದಕ್ಕೆ ಹೇಳಿದೆ.

ಪೈಪಿನ ಲೋಹ 321 ನಂಬರಿನ ಸ್ಟೇನ್‌ಲೆಸ್ಸಾ ಅಂತ ಬಿಲ್ಲು ನೋಡಿ ತಿಳಿದುಕೋ. ಸಾಮಾನ್ಯ 304ರಲ್ಲಿ ಬಿಸಿಗೆ ಇಂಗಾಲ ಕ್ರೋಮಿಯಮ್ಮನ್ನು ಹಿಡಿದುಕೊಂಡು ಕಣಗಳ ಅಂಚಿನಲ್ಲಿ ಕೂತುಬಿಡುತ್ತದೆ, ಆ ಅಂಚಿನಲ್ಲಿ ತುಕ್ಕು ತಡೆಯುವ ಶಕ್ತಿ ಹೋಗುತ್ತದೆ. 321ರಲ್ಲಿ ಸ್ವಲ್ಪ ಟೈಟಾನಿಯಂ ಬೆರೆಸಿರುತ್ತಾರೆ, ಇಂಗಾಲ ಅದನ್ನು ಹಿಡಿದು ಕ್ರೋಮಿಯಮ್ಮನ್ನು ಬಿಡುತ್ತದೆ. ನೀನೇ ಬೆಸೆಯುವುದಾದರೆ ಪೈಪಿನ ಒಳಗೂ ಆರ್ಗಾನ್ ತುಂಬಿಸಿಕೊಂಡು ಬೆಸೆ. ಹೊರಗೆ ಚೆಂದ ಕಂಡು ಒಳಗೆ ಹರಳುಗಟ್ಟಿದ ಬೆಸುಗೆ ಬಹಳ ದಿನ ಬಾಳುವುದಿಲ್ಲ. ಗುರುತು ಹಾಕಲು ಪೆನ್ಸಿಲ್ ಮುಟ್ಟಬೇಡ. ತಮಾಷೆಯಲ್ಲ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯವರ ರಿಪೇರಿ ಕೈಪಿಡಿಯಲ್ಲೇ, ಎಸಿ 43.13ರಲ್ಲಿ, ಬರೆದಿದೆ: ಎಕ್ಸಾಸ್ಟ್ ಭಾಗಗಳ ಮೇಲೆ ಪೆನ್ಸಿಲ್ ಗೆರೆ ಎಳೆಯಬಾರದು. ಸತು ಲೇಪಿಸಿದ ಉಪಕರಣವನ್ನೂ ತಾಗಿಸಬೇಡ. ಬಿಸಿಯಾದಾಗ ಆ ಗುರುತನ್ನು ಲೋಹ ಹೀರಿಕೊಂಡು ಅಲ್ಲಿಯೇ ಬಿರುಕು ಬಿಡುತ್ತದೆ. ಪೆನ್ಸಿಲ್ ಗೆರೆಯ ಉದ್ದಕ್ಕೂ ನೇರವಾಗಿ ಬಿಟ್ಟ ಬಿರುಕನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವ ಹುಡುಗ ಎಳೆದಿದ್ದನೋ, ಅವನ ಅಳತೆ ಮಾತ್ರ ಸರಿಯಾಗಿತ್ತು. ನಟ್ಟುಗಳೂ ಪೂರ್ತಿ ಲೋಹದವೇ ಇರಲಿ. ನೈಲಾನ್ ಉಂಗುರದ ನಟ್ಟು ಮೊದಲ ಹಾರಾಟದಲ್ಲೇ ಕರಗುತ್ತದೆ.

ಗೇಜುಗಳ ಬಗ್ಗೆ ಎರಡು ಮಾತು. ಎಕ್ಸಾಸ್ಟ್ ಉಷ್ಣತೆ 1400 ತೋರಿಸುತ್ತಿದೆ ಅಂತ ಗಾಬರಿಯಾಗಿ ಬರೆದಿದ್ದ ನಿನ್ನ ಸ್ನೇಹಿತನಿಗೆ ಹೇಳು, ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ 760, ಈ ಎಂಜಿನ್ನಿಗೆ ಅದು ನಿತ್ಯದ ಮಾತು. ಆ ಸಂಖ್ಯೆ ಪ್ರೋಬು ಎಲ್ಲಿ ಚುಚ್ಚಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ನಾಲ್ಕನ್ನೂ ಫ್ಲ್ಯಾಂಜಿನಿಂದ ಒಂದೇ ದೂರದಲ್ಲಿ, 5ರಿಂದ 10 ಸೆಂಟಿಮೀಟರಿನೊಳಗೆ ಹಾಕಿದರೆ ಒಂದಕ್ಕೊಂದು ಹೋಲಿಸಬಹುದು. ನೋಡಬೇಕಾದ್ದು ನಿನ್ನೆಗಿಂತ ಇವತ್ತು ಯಾವ ಸಿಲಿಂಡರು ಬೇರೆ ದಾರಿ ಹಿಡಿಯಿತು ಅನ್ನುವುದನ್ನು. ಕಣ್ಣಿಡಬೇಕಾದ ನಿಜವಾದ ಸಂಖ್ಯೆ ಸಿಲಿಂಡರ್ ಹೆಡ್ಡಿನದು. ಲೈಕಮಿಂಗ್ ಮಿತಿ 260 ಡಿಗ್ರಿ, ಅಂದರೆ ನಿನ್ನ 500. ಆದರೆ ಅಷ್ಟು ಬಿಸಿಗೆ ಅಲ್ಯೂಮಿನಿಯಂ ಹೆಡ್ಡಿನ ಶಕ್ತಿ ಕುಗ್ಗಿರುತ್ತದೆ, ನಿತ್ಯದ ಹಾರಾಟದಲ್ಲಿ 204ರ, ಅಂದರೆ 400ರ ಕೆಳಗೇ ಇಡು. ಏರುವಾಗ ಹೆಚ್ಚಿದರೆ ಮೂಗು ತಗ್ಗಿಸಿ ವೇಗ ಹೆಚ್ಚಿಸು, ಮಿಕ್ಸ್ಚರ್ ಪೂರ್ತಿ ಶ್ರೀಮಂತವಾಗಿರಲಿ. ಟೇಕಾಫಿನಲ್ಲಿ ಸುಡದೆ ಹೋಗುವ ಆ ಹೆಚ್ಚುವರಿ ಪೆಟ್ರೋಲು ದಂಡ ಅಲ್ಲ, ಅದೇ ಒಳಗಿನಿಂದ ತಣಿಸುವುದು. ಜಿಪುಣತನ ಮೇಲೆ ಹೋದಮೇಲೆ ಮಾಡು.

ಈವರೆಗೆ ಹೇಳಿದ್ದೆಲ್ಲ ಸಾಮಾನಿನ ವಿಷಯ. ಇನ್ನೊಂದಿದೆ, ನನಗೆ ನಿದ್ದೆ ಕೆಡಿಸುವುದು ಅದೇ. ಕ್ಯಾಬಿನ್ ಬೆಚ್ಚಗಿಡಲು ನೀನು ಎಕ್ಸಾಸ್ಟಿನ ಸುತ್ತ ತಗಡಿನ ತೋಳು ಹಾಕಿ, ಅದರೊಳಗಿನ ಗಾಳಿಯನ್ನು ಒಳಗೆ ತರುತ್ತಿದ್ದೀಯ. ಎಲ್ಲರೂ ಮಾಡುವುದೇ. ಆದರೆ ಆ ತೋಳಿನ ಒಳಗೆ ಪೈಪು ಸೀಳಿದರೆ ನಿನ್ನ ಮೂಗಿಗೆ ಬರುವುದು ಕಾರ್ಬನ್ ಮಾನಾಕ್ಸೈಡ್. ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏನೂ ಗೊತ್ತಾಗುವುದಿಲ್ಲ. 2019ರ ಜನವರಿಯಲ್ಲಿ ಫ್ರಾನ್ಸಿನ ನಾಂತ್‌ನಿಂದ ಕಾರ್ಡಿಫ್‌ಗೆ ಹೊರಟಿದ್ದ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಪೈಪರ್ ಮಲಿಬು ಇಂಗ್ಲಿಷ್ ಕಡಲ್ಗಾಲುವೆಗೆ ಬಿತ್ತಲ್ಲ, ಬ್ರಿಟನ್ನಿನ ತನಿಖೆಯವರು ಅವನ ರಕ್ತದಲ್ಲಿ ಕಂಡದ್ದು ಶೇಕಡ 58ರಷ್ಟು ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್. ಎಕ್ಸಾಸ್ಟಿನಿಂದ ಸೋರಿದ ಅನಿಲ ಪೈಲಟನನ್ನೂ ಬಾಧಿಸಿರಬೇಕು ಅಂತ ಅವರ ತೀರ್ಮಾನ. ಅದು ಗ್ಯಾರೇಜಿನಲ್ಲಿ ಕಟ್ಟಿದ ವಿಮಾನವಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು.

ಆದ್ದರಿಂದ ಆ ತೋಳು ಬಿಚ್ಚಲು ಸುಲಭವಾಗಿರಲಿ. ರಿವೆಟ್ ಬೇಡ, ಕ್ಲ್ಯಾಂಪ್ ಹಾಕು. ವರ್ಷಕ್ಕೊಮ್ಮೆ ಅಲ್ಲ, ಆಯಿಲ್ ಬದಲಿಸುವಾಗೆಲ್ಲ ಬಿಚ್ಚಿ ನೋಡು. ಟೇಲ್‌ಪೈಪಿಗೆ ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯಿ ಹಿಡಿಸಿ, ತಣ್ಣನೆಯ ಪೈಪಿನ ಮೇಲೆಲ್ಲ ಸೋಪಿನ ನೀರು ಚಿಮುಕಿಸು. ಕೀಲುಗಳಲ್ಲಿ ಒಂದಿಷ್ಟು ಗುಳ್ಳೆ ಬರುತ್ತದೆ, ಅದು ಇದ್ದದ್ದೇ. ನಡುಪೈಪಿನಲ್ಲಿ, ಬೆಸುಗೆಯಲ್ಲಿ ಒಂದೇ ಒಂದು ಗುಳ್ಳೆ ಎದ್ದರೂ ವಿಮಾನ ಹೊರಗೆ ತೆಗೆಯಬೇಡ. ಸೋರುವ ಕಡೆ ಬೂದಿ ಬಣ್ಣದ ಪುಡಿ ಹರಡಿಕೊಂಡಿರುತ್ತದೆ, ಸೀಸ ಹಾಕಿದ ಪೆಟ್ರೋಲಿನ ಗುರುತು ಅದು. ಫ್ಲ್ಯಾಂಜಿನ ಗ್ಯಾಸ್ಕೆಟ್ ಸುತ್ತ ಅಂಥದ್ದು ಕಂಡರೆ ಗ್ಯಾಸ್ಕೆಟ್ ಬದಲಿಸು, ಬಿಗಿದು ನೋಡೋಣ ಅನ್ನಬೇಡ. ಆ ಕೂದಲಗಲದ ಸಂದಿಯಿಂದ ಬರುವ ಬೆಂಕಿಯ ಎಳೆ ಪಕ್ಕದ ಪ್ಲಗ್ ವೈರನ್ನು ಕತ್ತರಿಸಿಹಾಕುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಬದಲಿಸುವ ಬಿಲ್ಲೆ ಅಂಟಿಸಿದ್ದೀಯ. ಅದು ಹಳತಾದರೆ ಕೆಲಸಕ್ಕೆ ಬರುವುದಿಲ್ಲ, ಅದನ್ನು ನೋಡಬೇಕು ಅನ್ನುವ ಎಚ್ಚರವೂ ಮಂಪರಿನಲ್ಲಿ ಇರುವುದಿಲ್ಲ. ಕೂಗುವ ಎಲೆಕ್ಟ್ರಾನಿಕ್ ಯಂತ್ರ ತಗೋ. ಅದರ ದುಡ್ಡು ನನ್ನದು, ನಿನ್ನ ಹುಟ್ಟುಹಬ್ಬಕ್ಕೆ. ಅದು ಕೂಗಿದರೆ ಹೀಟರ್ ಮುಚ್ಚು, ಹೊರಗಾಳಿ ತೆರೆ, ಹತ್ತಿರದ ರನ್‌ವೇಗೆ ಇಳಿ. ಯಂತ್ರ ಕೆಟ್ಟಿರಬೇಕು ಅಂತ ವಾದಕ್ಕೆ ನಿಲ್ಲಬೇಡ.

ನಿನಗೆ 25 ಗಂಟೆಯೋ 40 ಗಂಟೆಯೋ ಪರೀಕ್ಷಾ ಹಾರಾಟ ಅಂತ ಎಫ್‌ಎಎ ಬರೆದುಕೊಡುತ್ತದೆ. ಅದಕ್ಕೆ ಮೊದಲು ನೆಲದ ಮೇಲೆ ಎಂಜಿನ್ ಓಡಿಸುತ್ತೀಯಲ್ಲ, ಅದಾದ ಮೇಲೆ ಪೂರ್ತಿ ತಣ್ಣಗಾಗಲು ಬಿಟ್ಟು ಎಕ್ಸಾಸ್ಟ್ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಟಾರ್ಕ್ ಮಾಡು. ಹೊಸ ಗ್ಯಾಸ್ಕೆಟ್ ಮೊದಲ ಬಿಸಿಗೆ ಕೂರುತ್ತದೆ, ನಟ್ಟು ಸಡಿಲವಾಗುತ್ತದೆ. ಮೊದಲ ಹಾರಾಟದ ಮೇಲೂ ಇದನ್ನೇ ಮಾಡು. ಮಾಡಿದ ಮೇಲೆ ಯಾವ ನಟ್ಟು ಎಷ್ಟು ತಿರುಗಿತು ಅಂತ ನನಗೆ ಬರೆ. "ಎಲ್ಲ ಸರಿ ಇದೆ" ಅಂತ ಒಂದು ಸಾಲು ಕಳಿಸಬೇಡ. ನಾಲ್ಕೂ ಹೆಡ್ಡಿನ ಸಂಖ್ಯೆ, ಹೊರಗಿನ ಉಷ್ಣತೆ, ಆ ಕೂಗುವ ಯಂತ್ರ ತೋರಿಸಿದ ಅಂಕಿ, ಎಲ್ಲ ಬೇಕು.

ಮೊದಲ ಹಾರಾಟದ ದಿನ ಗೊತ್ತಾದರೆ ನಿನ್ನ ಅಮ್ಮನಿಗೆ ನೀನೇ ಹೇಳು. ಅಕ್ಕ ನನ್ನನ್ನು ಕೇಳುತ್ತಲೇ ಇದ್ದಾಳೆ, ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ. ಅತ್ತೆ ಚಟ್ನಿಪುಡಿ, ಹುರಿಗಡಲೆ ಉಂಡೆ ಕಳಿಸುತ್ತಿದ್ದಾಳೆ, ಮುಂದಿನ ವಾರ ಪಾರ್ಸೆಲ್ ಹೊರಡುತ್ತದೆ. ಅದರಲ್ಲೇ ನನ್ನ ಹಳೆಯ ಉದ್ದ ಹಿಡಿಯ ಕೈಗನ್ನಡಿ ಇಟ್ಟಿದ್ದೇನೆ. ಕೊನೆಯ ಸಿಲಿಂಡರಿನ ಹಿಂಬದಿಯ ಬೆಸುಗೆ ಬೇರೆ ಯಾವುದರಲ್ಲೂ ಕಾಣುವುದಿಲ್ಲ.

ಇಂತಿ,
ನಿನ್ನ ಮಾಮ